ಪೈಪು, ತಂತಿ, ನೀರು: ಮಕ್ಕಳ ಜೊತೆ ಮನೆಯಲ್ಲೇ ವಾದ್ಯ ಕಟ್ಟೋಣ

ಬೇಸಿಗೆ ರಜೆ ಬಂತೆಂದರೆ ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಮಕ್ಕಳಿಗೆ ಬಿಡುವೇ ಇರುವುದಿಲ್ಲ. ಬೆಳಿಗ್ಗೆ ಸಂಗೀತ ಪಾಠ, ಸಂಜೆ ರೊಬೊಟಿಕ್ಸ್ ಕ್ಲಾಸು. ಒಂದು ಕಡೆ ಸರಳೆ ವರಸೆ, ಇನ್ನೊಂದು ಕಡೆ ಡಬ್ಬದಲ್ಲಿ ಬಂದ ಕಿಟ್ಟು. ಎರಡೂ ಒಳ್ಳೆಯದೇ. ಆದರೆ ಈ ಎರಡಕ್ಕೂ ಸಂಬಂಧ ಇದೆ ಅಂತ ಮಗುವಿಗೆ ಯಾರೂ ಹೇಳುವುದಿಲ್ಲ. ವೀಣೆಯ ಮೆಟ್ಟಿಲುಗಳು (ತಂತಿ ಒತ್ತಲು ಕೂರಿಸಿದ ಅಡ್ಡಪಟ್ಟಿಗಳು) ಮೇಲೆ ಹೋದ ಹಾಗೆ ಯಾಕೆ ಹತ್ತಿರ ಹತ್ತಿರ ಬರುತ್ತವೆ? ಮೃದಂಗದ ಎಡಭಾಗಕ್ಕೆ ಯಾಕೆ ರವೆ ಕಲಸಿ ಹಚ್ಚುತ್ತಾರೆ? ಸಂಗೀತದ ಮೇಷ್ಟ್ರಿಗೆ ಇದರ ಉತ್ತರ ಕೈಯಲ್ಲಿ ಗೊತ್ತು, ವಿಜ್ಞಾನದ ಮೇಷ್ಟ್ರಿಗೆ ಲೆಕ್ಕದಲ್ಲಿ ಗೊತ್ತು. ಮಗುವಿಗೆ ಎರಡೂ ಒಟ್ಟಿಗೆ ಸಿಗಬೇಕು.

ಅದಕ್ಕೆ ನನಗೆ ಗೊತ್ತಿರುವ ಒಳ್ಳೆಯ ದಾರಿ ವಾದ್ಯ ಕಟ್ಟುವುದು. ಮನೆಯ ಜಗಲಿ, ಶಾಲೆಯ ವರಾಂಡ, ಊರಿನ ಗ್ರಂಥಾಲಯ, ಎಲ್ಲಾದರೂ ಮಾಡಬಹುದು. 8ರಿಂದ 14 ವರ್ಷದ ಆರೇಳು ಮಕ್ಕಳಿದ್ದರೆ ಸಾಕು. ಸಂಗೀತ ಬಾರದ ಮಕ್ಕಳೂ ಬರಲಿ, ಲೆಕ್ಕ ಅಂದರೆ ಹೆದರುವ ಮಕ್ಕಳೂ ಬರಲಿ.

ಒಂದೇ ಒಂದು ನಿಯಮ ಇಟ್ಟುಕೊಳ್ಳಿ. ಏನೇ ಮಾಡುವ ಮೊದಲು ಮಗು ಊಹಿಸಬೇಕು. ಊಹಿಸಿದ್ದನ್ನು ಬರೆದಿಡಬೇಕು. ಆಮೇಲೆ ಕೇಳಬೇಕು, ಕೊನೆಗೆ ಅಳೆಯಬೇಕು. ಊಹೆಗೂ ಕೇಳಿದ್ದಕ್ಕೂ ಹೊಂದದೆ ಹೋದಾಗಲೇ ಮಗುವಿನ ತಲೆ ಓಡಲು ಶುರುವಾಗುತ್ತದೆ. ಅದಕ್ಕೇ ಪ್ರತಿ ಮಗುವಿಗೂ ಒಂದು ನೋಟ್ ಬುಕ್ ಕೊಡಿ. ಎಡ ಪುಟದಲ್ಲಿ ಊಹೆ, ಬಲ ಪುಟದಲ್ಲಿ ಆದದ್ದು. ಊಹೆಯನ್ನು ಅಳಿಸಲು ಬಿಡಬೇಡಿ. ರಬ್ಬರನ್ನು ಮನೆಯಲ್ಲೇ ಬಿಟ್ಟು ಬರಲಿ.

ಮೊದಲ ದಿನ: ಕಿವಿ ತೆರೆಯುವುದು

ಮೊದಲ ದಿನ ದೊಡ್ಡದೇನೂ ಕಟ್ಟಬೇಡಿ. ಮಕ್ಕಳನ್ನು ಕರೆದುಕೊಂಡು ಸುಮ್ನೆ ಒಂದು ಸುತ್ತು ಹೋಗಿ. ತಗಡಿನ ಮಾಡು, ಖಾಲಿ ಡ್ರಮ್ಮು, ಗೇಟಿನ ಸರಳು, ಬಾವಿಯ ಬಾಯಿ, ಒಣಗಿದ ಅಡಿಕೆ ಹಾಳೆ, ತೆಂಗಿನ ಕರಟ. ಎಲ್ಲದಕ್ಕೂ ಒಂದೇ ಕಡ್ಡಿಯಿಂದ ತಟ್ಟಲಿ. ಯಾವುದು ದಪ್ಪ ಸದ್ದು, ಯಾವುದು ಸಣ್ಣ ಸದ್ದು, ಯಾವುದು ತಟ್ಟಿದ ಮೇಲೂ ಉಳಿಯುತ್ತದೆ, ಯಾವುದು ತಕ್ಷಣ ಸಾಯುತ್ತದೆ ಅಂತ ಬರೆಯಲಿ. ತೋಟದ ಮನೆಯ ಮಕ್ಕಳಾದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಸದ್ದನ್ನು ಬಾಯಲ್ಲಿ ಮಾಡಿ ತೋರಿಸುತ್ತಾರೆ. ಅದನ್ನೂ ಮಾಡಿಸಿ. ಸದ್ದಿನ ಚಿತ್ರ ಬರೆಯಲು ಹೇಳಿ. ಹೇಗೆ ಬರೆದರೂ ಸರಿ.

ಚಿಕ್ಕ ಮಕ್ಕಳಿದ್ದರೆ ಅವತ್ತೇ ಎರಡು ಕರಟದೊಳಗೆ ಕಾಫಿ ಬೀಜ ಹಾಕಿ ಅಂಟಿಸಿ ಗಿಲಕಿ ಮಾಡಿಕೊಡಿ. ದೊಡ್ಡವರು ತೆಂಗಿನ ಗರಿ ಸುತ್ತಿ ಪೀಪಿ ಮಾಡಲಿ. ಅರಸೀಕೆರೆ ಕಡೆಯ ಮಕ್ಕಳಿಗೆ ಇದನ್ನು ಹೇಳಿಕೊಡುವುದೇ ಬೇಡ. ಗರಿಯನ್ನು ಸುತ್ತುತ್ತಾ ಹೋದ ಹಾಗೆ ಅಗಲವಾಗುವ ಕೊಳವೆ, ಸಣ್ಣ ತುದಿಗೆ ಚಪ್ಪಟೆಯಾದ ಎರಡು ಎಸಳಿನ ಪೀಪಿ. ಮದುವೆ ಮನೆಯ ಓಲಗವನ್ನು ಹತ್ತಿರದಿಂದ ನೋಡಿದರೆ ಅಲ್ಲೂ ಇದೇ ರಚನೆ.

ಎರಡನೇ ದಿನ: ಬಾಟಲಿ ಮತ್ತು ನೀರು

ಬೇಕಾದದ್ದು: ಒಂದೇ ಅಳತೆಯ ಐದಾರು ಗಾಜಿನ ಬಾಟಲಿ, ಒಂದು ಚಮಚ, ನೀರು. ಪ್ಲಾಸ್ಟಿಕ್ ಬಾಟಲಿ ಆಗುವುದಿಲ್ಲ.

ಒಂದು ಬಾಟಲಿಗೆ ಸ್ವಲ್ಪ ನೀರು, ಇನ್ನೊಂದಕ್ಕೆ ಜಾಸ್ತಿ ನೀರು ಹಾಕಿ. ಇನ್ನೂ ಮುಟ್ಟಬೇಡಿ. ಚಮಚದಲ್ಲಿ ತಟ್ಟಿದರೆ ಯಾವುದರ ಸ್ವರ ಮೇಲೆ ಇರುತ್ತದೆ? ಎಲ್ಲರೂ ಬರೆಯಲಿ. ಈಗ ತಟ್ಟಿ. ಜಾಸ್ತಿ ನೀರಿದ್ದದ್ದು ಕೆಳಗಿನ ಸ್ವರ ಕೊಡುತ್ತದೆ. ಸರಿ, ಇದನ್ನು ಕೆಲವರು ಊಹಿಸಿರುತ್ತಾರೆ. ಈಗ ಅದೇ ಎರಡು ಬಾಟಲಿಯ ಬಾಯಿಗೆ ತುಟಿ ಇಟ್ಟು ಅಡ್ಡಲಾಗಿ ಊದಿದರೆ? ಮತ್ತೆ ಬರೆಯಲಿ.

ಇಲ್ಲಿ ಒಂದು ಜಗಳ ಆಗಿಯೇ ಆಗುತ್ತದೆ. ಊದಿದಾಗ ಜಾಸ್ತಿ ನೀರಿರುವ ಬಾಟಲಿಯ ಸ್ವರ ಮೇಲಕ್ಕೆ ಹೋಗುತ್ತದೆ. ಪೂರ್ತಿ ಉಲ್ಟಾ! ಅದೇ ಬಾಟಲಿ, ಅದೇ ನೀರು. ಹೋದ ವರ್ಷ ಆರನೇ ಕ್ಲಾಸಿನ ಒಬ್ಬ ಹುಡುಗಿ "ಸಾರ್, ಅವನು ಬಾಟಲಿ ಬದಲಾಯಿಸಿದ" ಅಂತ ಹಟ ಹಿಡಿದಳು. ಬಾಟಲಿಗೆ ಪೆನ್ನಲ್ಲಿ ಗುರುತು ಹಾಕಿ ಅವಳ ಕೈಗೇ ಕೊಟ್ಟೆ. ಊದಿದಳು, ತಟ್ಟಿದಳು, ಮತ್ತೆ ಊದಿದಳು. ಆಮೇಲೆ ತುಂಬ ಹೊತ್ತು ಏನೂ ಮಾತಾಡದೆ ಬಾಟಲಿಯ ಒಳಗೇ ನೋಡುತ್ತಾ ಕೂತಳು. "ಊದಿದಾಗ ನೀರು ಅಲ್ಲಾಡ್ತಿಲ್ಲ ಸಾರ್, ಮೇಲಿರೋ ಗಾಳಿ ಅಲ್ಲಾಡ್ತಿರೋದು" ಅಂದಳು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ತಟ್ಟಿದಾಗ ನಡುಗುವುದು ಗಾಜು. ನೀರು ಗಾಜಿಗೆ ಭಾರ ಕಟ್ಟಿದ ಹಾಗೆ ಆಗುತ್ತದೆ, ನಡುಕ ನಿಧಾನವಾಗುತ್ತದೆ, ಸ್ವರ ಇಳಿಯುತ್ತದೆ. ಊದಿದಾಗ ನಡುಗುವುದು ನೀರಿನ ಮೇಲಿರುವ ಗಾಳಿ. ನೀರು ಜಾಸ್ತಿಯಾದರೆ ಗಾಳಿಗೆ ಜಾಗ ಕಡಿಮೆ, ನಡುಕ ಬೇಗ, ಸ್ವರ ಮೇಲೆ. "ಇಲ್ಲಿ ನಡುಗುತ್ತಿರುವುದು ಯಾವುದು?" ಎಂಬ ಪ್ರಶ್ನೆಯನ್ನು ಗೋಡೆಗೆ ಬರೆದು ಅಂಟಿಸಿ. ಮುಂದಿನ ಎಲ್ಲ ದಿನಗಳಲ್ಲೂ ಇದೇ ಪ್ರಶ್ನೆ ಕೇಳುತ್ತೀರಿ. ದಯವಿಟ್ಟು ಉತ್ತರವನ್ನು ಮೊದಲೇ ಹೇಳಿಬಿಡಬೇಡಿ. ಮಕ್ಕಳು ಅರ್ಧ ಗಂಟೆ ಕಿತ್ತಾಡಿದರೂ ಪರವಾಗಿಲ್ಲ.

ಇದೇ ದಿನ ಇನ್ನೊಂದು ಮಾಡಿಸಿ. ಎರಡು ಬಾಟಲಿಗೆ ಸಮ ನೀರು ಹಾಕಿ, ಒಂದಕ್ಕೆ ಮಾತ್ರ ಒಂದೆರಡು ಚಮಚ ಹೆಚ್ಚು ಹಾಕಿ. ಇಬ್ಬರು ಮಕ್ಕಳು ಒಟ್ಟಿಗೆ ಊದಲಿ. ಎರಡು ಸದ್ದು ಸೇರಿ "ವೂಂ ವೂಂ" ಅಂತ ಅಲೆ ಅಲೆಯಾಗಿ ಕೇಳುತ್ತದೆ. ಸ್ವರಗಳು ಹತ್ತಿರ ಬಂದಷ್ಟೂ ಈ ಅಲೆ ನಿಧಾನವಾಗುತ್ತದೆ, ಪೂರ್ತಿ ಸೇರಿದರೆ ನಿಂತು ಹೋಗುತ್ತದೆ. ತಂಬೂರಿ ಶ್ರುತಿ ಮಾಡುವವರು ಕಣ್ಣು ಮುಚ್ಚಿ ಕಾಯುವುದು ಈ ಅಲೆ ನಿಲ್ಲುವುದಕ್ಕೇ. ಶ್ರುತಿ ಸೇರಿತು ಅನ್ನುವುದು ಏನೆಂದು ಮಗುವಿಗೆ ಒಮ್ಮೆ ಹೀಗೆ ಕೇಳಿಸಿದರೆ ಮತ್ತೆ ಮರೆಯುವುದಿಲ್ಲ.

ಮೂರನೇ ದಿನ: ಒಂದು ತಂತಿಯ ಪೆಟ್ಟಿಗೆ

ಮೂರಡಿ ಉದ್ದದ ಹಲಗೆ ಬೇಕು. ಜೊತೆಗೆ ದಪ್ಪ ನೈಲಾನ್ ಗಾಳದ ದಾರ, ಎರಡು ಪೆನ್ಸಿಲ್, ಒಂದು ಮೊಳೆ, ನೀರಿನ ಬಾಟಲಿಗಳು. ಹಲಗೆಯ ಒಂದು ತುದಿಗೆ ಮೊಳೆ ಹೊಡೆದು ದಾರ ಕಟ್ಟಿ. ಇನ್ನೊಂದು ತುದಿ ಮೇಜಿನ ಅಂಚಿನಿಂದ ಕೆಳಗೆ ಇಳಿಯಲಿ. ಅದಕ್ಕೆ ಒಂದು ಲೀಟರ್ ನೀರಿನ ಬಾಟಲಿ ನೇತು ಹಾಕಿ. ದಾರದ ಕೆಳಗೆ ಎರಡು ಪೆನ್ಸಿಲ್ ಅಡ್ಡ ಇಟ್ಟರೆ ಅವೇ ಕುದುರೆ, ಅಂದರೆ ತಂತಿಯನ್ನು ಎತ್ತಿ ಹಿಡಿಯುವ ಆಸರೆ. ಎರಡರ ನಡುವೆ ಸರಿಯಾಗಿ 60 ಸೆಂಟಿಮೀಟರ್ ಇರಲಿ. ಹಲಗೆಯ ಕೆಳಗೆ ಖಾಲಿ ಬಿಸ್ಕತ್ ಡಬ್ಬ ಇಟ್ಟರೆ ಸದ್ದು ದೊಡ್ಡದಾಗುತ್ತದೆ. ಇಟ್ಟೂ ಕೇಳಿ, ತೆಗೆದೂ ಕೇಳಿ. ತಂಬೂರಿಗೆ ಬುರುಡೆ ಯಾಕೆ ಬೇಕು ಅಂತ ಬಾಯಲ್ಲಿ ಹೇಳುವ ಅಗತ್ಯವೇ ಇರುವುದಿಲ್ಲ. ಉಕ್ಕಿನ ತಂತಿ ಬೇಡ, ಕಿತ್ತರೆ ಕಣ್ಣಿಗೆ ಅಪಾಯ. ನೈಲಾನ್ ಆದರೂ ಮುಖ ಹತ್ತಿರ ತರದಂತೆ ನೋಡಿಕೊಳ್ಳಿ.

60 ಯಾಕೆಂದರೆ ಲೆಕ್ಕ ಸಲೀಸು. ಪೂರ್ತಿ 60ಕ್ಕೆ ಮೀಟಿದರೆ ಅದು ನಮ್ಮ ಸ. ಪೆನ್ಸಿಲ್ ಸರಿಸಿ 30ಕ್ಕೆ ತಂದರೆ ಮೇಲಿನ ಸ. 40ಕ್ಕೆ ಪ. 45ಕ್ಕೆ ಮ, ಅಂದರೆ ಶುದ್ಧ ಮಧ್ಯಮ. 48ಕ್ಕೆ ಗ, ಅಂದರೆ ಅಂತರ ಗಾಂಧಾರ. ಆದರೆ ಈ ಸಂಖ್ಯೆಗಳನ್ನು ಮೊದಲೇ ಕೊಡಬೇಡಿ. ಹಾಡು ಬರುವ ಮಗು ಕಿವಿಯಲ್ಲೇ ಪ ಹುಡುಕಲಿ, ಲೆಕ್ಕ ಬರುವ ಮಗು ಟೇಪು ಹಿಡಿದು ಎಷ್ಟಾಯಿತು ಅಂತ ಓದಲಿ. 40ರ ಆಸುಪಾಸು ಬಂದೇ ಬರುತ್ತದೆ. ಅಂದರೆ ಮೂರರಲ್ಲಿ ಎರಡು ಭಾಗ. ಭಿನ್ನರಾಶಿ ಅಂದರೆ ಮೂಗು ಮುರಿಯುವ ಮಕ್ಕಳು ಮೂರನೇ ಎರಡನ್ನು ಕಿವಿಯಲ್ಲಿ ಕೇಳಿದಾಗ ಅವರ ಮುಖ ನೋಡಬೇಕು. ನಾನು ಇದನ್ನೆಲ್ಲ ಮಾಡಿಸುವುದೇ ಅದಕ್ಕಾಗಿ.

ಆಮೇಲೆ ಭಾರದ ಆಟ. ಒಂದು ಲೀಟರ್ ಇದ್ದಾಗ ಒಂದು ಸ್ವರ. ಅದನ್ನು ಮೇಲಿನ ಸ ಮಾಡಬೇಕಾದರೆ ಎಷ್ಟು ನೀರು ಬೇಕು? ಎಲ್ಲರೂ ಎರಡು ಲೀಟರ್ ಅಂತಲೇ ಬರೆಯುತ್ತಾರೆ. ಹಾಕಿ ನೋಡಿ. ಸಾಲುವುದಿಲ್ಲ. ಮೂರು? ಇನ್ನೂ ಸಾಲದು. ನಾಲ್ಕಕ್ಕೆ ಸರಿಹೋಗುತ್ತದೆ. ಮೇಲಿನ ಸ ಅಂದರೆ ನಡುಕ ಎರಡರಷ್ಟು ಬೇಗ, ಅದಕ್ಕೆ ಎಳೆತ ನಾಲ್ಕರಷ್ಟು ಬೇಕು. ದಾರ ಪೆನ್ಸಿಲ್ಲಿಗೂ ಮೇಜಿನ ಅಂಚಿಗೂ ಉಜ್ಜುವುದರಿಂದ ಸ್ವಲ್ಪ ಆಚೀಚೆ ಆಗಬಹುದು. ಅಂಚಿಗೆ ಒಂದು ಸಣ್ಣ ರಾಟೆ ಸಿಕ್ಕಿಸಿದರೆ ಇನ್ನೂ ಸರಿಯಾಗಿ ಬರುತ್ತದೆ. ಉಜ್ಜುವುದನ್ನು ಕಡಿಮೆ ಮಾಡುವುದು ಹೇಗೆ ಅಂತ ಮಕ್ಕಳನ್ನೇ ಕೇಳಿ. ನಿಜವಾದ ಎಂಜಿನಿಯರಿಂಗ್ ಪ್ರಶ್ನೆ ಅಂದರೆ ಇದೇ.

ಊರಲ್ಲಿ ಯಾರ ಮನೆಯಲ್ಲಾದರೂ ವೀಣೆ ಇದ್ದರೆ ಕೇಳಿಕೊಂಡು ಮಕ್ಕಳನ್ನು ಕರೆದುಕೊಂಡು ಹೋಗಿ. ವೀಣೆಗೆ 24 ಮೆಟ್ಟಿಲು. ಮುಟ್ಟದೆ, ಟೇಪು ಹಿಡಿದು, ಕುದುರೆಯಿಂದ 12ನೇ ಮೆಟ್ಟಿಲಿಗೆ ಎಷ್ಟು ದೂರ ಅಂತ ನೋಡಲಿ. ತಂತಿಯ ಸುಮಾರು ಅರ್ಧ. ಅಲ್ಲೇ ಮೇಲಿನ ಷಡ್ಜ, ಅಂದರೆ ಮೇಲಿನ ಸ.

ನಾಲ್ಕನೇ ದಿನ: ಆರು ಪೈಪಿನ ಮೋಹನ

ಇದಕ್ಕೆ ಒಂದು ದಿನ ಸಾಲದು, ಎರಡು ಇಟ್ಟುಕೊಳ್ಳಿ. ಎಲ್ಲದಕ್ಕಿಂತ ಹೆಚ್ಚು ಕಲಿಯುವುದು ಇಲ್ಲೇ.

ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದಿಂಚಿನ ಪಿವಿಸಿ ಪೈಪು ಹತ್ತಡಿ ತನ್ನಿ. ತೋಟದಲ್ಲಿ, ಮನೆ ಕಟ್ಟುವ ಕಡೆ ಉಳಿದ ತುಂಡು ಇದ್ದರೆ ಅದೇ ಸಾಕು, ಆದರೆ ಎಲ್ಲ ತುಂಡೂ ಒಂದೇ ಅಗಲದ್ದಾಗಿರಲಿ. ಹ್ಯಾಕ್ಸಾ ಬ್ಲೇಡು, ಸ್ಯಾಂಡ್ ಪೇಪರ್, ಟೇಪು, ಮಾರ್ಕರ್ ಬೇಕು. ಬಾರಿಸಲು ಒಂದು ಜೊತೆ ರಬ್ಬರ್ ಹವಾಯಿ ಚಪ್ಪಲಿ. ಹೊಸದನ್ನೇ ತಂದು, ಪಟ್ಟಿ ಕಿತ್ತು ಹಾಕಿ. ಕಾಲಿಗೆ ಹಾಕಿದ್ದರಿಂದ ವಾದ್ಯ ಬಾರಿಸಿದರೆ ಅಜ್ಜಿ ತಾತಂದಿರಿಗೆ ಬೇಸರವಾಗುತ್ತದೆ, ಅದು ನ್ಯಾಯವೇ. ಕತ್ತರಿಸುವಾಗ ಪೈಪನ್ನು ಒಬ್ಬರು ಗಟ್ಟಿಯಾಗಿ ಹಿಡಿದಿರಲಿ, ದೊಡ್ಡವರು ಪಕ್ಕದಲ್ಲೇ ಇರಲಿ.

ಮೋಹನ ರಾಗ ಯಾಕೆಂದರೆ ಅದರಲ್ಲಿ ಐದೇ ಸ್ವರ. ಸ ರಿ ಗ ಪ ದ, ಮೇಲೆ ಇನ್ನೊಂದು ಸ. ಮಕ್ಕಳು ಯಾವ ಪೈಪನ್ನು ಯಾವಾಗ ಬಾರಿಸಿದರೂ ಕಿವಿಗೆ ಕಷ್ಟವಾಗುವುದಿಲ್ಲ. ಹೊಸಬರಿಗೆ ಧೈರ್ಯ ಬರುತ್ತದೆ.

ಮೊದಲು ಎರಡೇ ಪೈಪು ಕತ್ತರಿಸಿ. ಒಂದು 60 ಸೆಂಟಿಮೀಟರ್, ಒಂದು 30. ಒಂದು ಬಾಯಿಗೆ ಚಪ್ಪಲಿಯಿಂದ ಪಟ್ಟನೆ ಹೊಡೆದು ತಕ್ಷಣ ಎತ್ತಬೇಕು. ಇನ್ನೊಂದು ಬಾಯಿ ತೆರೆದೇ ಇರಲಿ. "ಪೊಂ" ಅಂತ ತುಂಬಿದ ಸದ್ದು ಬರುತ್ತದೆ. ತಂತಿಯಲ್ಲಿ ಅರ್ಧ ಮಾಡಿದಾಗ ಮೇಲಿನ ಸ ಬಂತು ಅಲ್ವಾ? ಹಾಗಾದರೆ ಪೈಪಿನಲ್ಲೂ ಬರಬೇಕು. ಮಕ್ಕಳು ಹಾಗೇ ಬರೆಯುತ್ತಾರೆ, ಲೆಕ್ಕವೂ ಹಾಗೇ ಹೇಳುತ್ತದೆ.

ಈಗ ಎರಡನ್ನೂ ಬಾರಿಸಿ ಕೇಳಿ. ಮೇಲಿನ ಸ ಇಳಿದಿದೆ. ಸ್ವಲ್ಪ ಅಲ್ಲ, ಚೆನ್ನಾಗಿಯೇ ಇಳಿದಿದೆ. ಸಂಗೀತ ಕಲಿಯುವ ಮಗು ಮುಖ ಹಿಂಡುತ್ತದೆ. ಲೆಕ್ಕದ ಮಗು ಟೇಪು ತೆಗೆದು ಮತ್ತೆ ಅಳೆಯುತ್ತದೆ. 30 ಸರಿಯಾಗಿಯೇ ಇದೆ. ಯಾರು ಸರಿ?

ಕಿವಿಯೇ ಸರಿ. ಪೈಪಿನ ಒಳಗೆ ನಡುಗುವ ಗಾಳಿ ಪೈಪಿನ ಬಾಯಿಗೇ ನಿಲ್ಲುವುದಿಲ್ಲ. ಎರಡೂ ಕಡೆ ಸ್ವಲ್ಪ ಹೊರಗೆ ಚಾಚಿಕೊಂಡು ನಡುಗುತ್ತದೆ. ಪ್ರತಿ ಬಾಯಲ್ಲೂ ಪೈಪಿನ ಒಳ ಅಗಲದ ಸುಮಾರು 0.3ರಷ್ಟು. ಒಳ ಅಗಲ 28 ಮಿಲಿಮೀಟರ್ ಇದ್ದರೆ ಎರಡೂ ಕಡೆ ಸೇರಿ ಸುಮಾರು 17 ಮಿಲಿಮೀಟರ್. ಹಾಗಾಗಿ 60ರ ಪೈಪು ಗಾಳಿಯ ಮಟ್ಟಿಗೆ 61.7. ಅದರ ಅರ್ಧ 30.85. ಅದರಲ್ಲಿ ಹೊರಗೆ ಚಾಚುವ 1.7 ಕಳೆದರೆ ಪೈಪು 29.15 ಇರಬೇಕು. ನಮ್ಮದು 30 ಇದೆ, ಅದಕ್ಕೇ ಇಳಿದಿದೆ.

ಆದರೆ ಈ ಲೆಕ್ಕವನ್ನು ಕೊನೆಗೆ ಹೇಳಿ. ಮೊದಲು ಮಕ್ಕಳೇ ಉಜ್ಜಲಿ. ಎರಡು ಮಿಲಿಮೀಟರ್ ಕತ್ತರಿಸು, ಅಂಚು ಉಜ್ಜು, ಬಾರಿಸು, ಕೇಳು. ಇನ್ನೆರಡು ಮಿಲಿಮೀಟರ್. ಒಬ್ಬರು ಸ ಹಾಡುತ್ತಾ ಇರಲಿ, ಇಲ್ಲವೇ ಫೋನಿನಲ್ಲಿ ತಂಬೂರಿ ಹಾಕಿ. "ಇನ್ನೂ ಬೇಕು", "ಇನ್ನೂ ಬೇಕು", "ಸಾಕು ಸಾಕು ಸಾಕು!" ಆಗ ನಿಲ್ಲಿಸಿ ಅಳೆಯಿರಿ. 29.2ರ ಹತ್ತಿರ ಬಂದಿರುತ್ತದೆ. ಯಾರೂ ಹೇಳಿಕೊಡದೆ ಕಿವಿಯೊಂದನ್ನೇ ನಂಬಿ ಅಲ್ಲಿಗೆ ಮುಟ್ಟಿದ್ದಾರೆ. ಈಗ ಲೆಕ್ಕ ಬರೆದು ತೋರಿಸಿ. ಹೀಗೆ ಬಂದ ಸೂತ್ರವನ್ನು ಬಾಯಿಪಾಠ ಮಾಡಿಸುವ ಕೆಲಸವೇ ಇಲ್ಲ.

ಉಳಿದ ಪೈಪುಗಳ ಉದ್ದವನ್ನು ಮಕ್ಕಳೇ ಲೆಕ್ಕ ಹಾಕಲಿ. ರಿಷಭಕ್ಕೆ ಒಂಬತ್ತರಲ್ಲಿ ಎಂಟು ಭಾಗ, ಗಾಂಧಾರಕ್ಕೆ ಐದರಲ್ಲಿ ನಾಲ್ಕು, ಪಂಚಮಕ್ಕೆ ಮೂರರಲ್ಲಿ ಎರಡು, ಧೈವತಕ್ಕೆ ಐದರಲ್ಲಿ ಮೂರು. 61.7ಕ್ಕೆ ಈ ಭಾಗ ತೆಗೆದು 1.7 ಕಳೆಯಬೇಕು. ರಿ 53.1, ಗ 47.7, ಪ 39.4, ದ 35.3. ಎಲ್ಲವನ್ನೂ ಅರ್ಧ ಸೆಂಟಿಮೀಟರ್ ಉದ್ದವಾಗಿಯೇ ಕತ್ತರಿಸಿ, ಆಮೇಲೆ ಕಿವಿಯಿಂದ ಉಜ್ಜುತ್ತಾ ಬನ್ನಿ. ಕತ್ತರಿಸಿದ್ದನ್ನು ಅಂಟಿಸಲಾಗುವುದಿಲ್ಲ ಅಂತ ಮೊದಲೇ ಹೇಳಿಬಿಡಿ. ಆರೂ ಸೇರಿ 265 ಸೆಂಟಿಮೀಟರ್ ಆಗುತ್ತದೆ, ಹತ್ತಡಿ ಪೈಪಿನಲ್ಲಿ ಇನ್ನೂ ಒಂದು ತುಂಡು ಉಳಿಯುತ್ತದೆ. ನಿಮ್ಮ ಪೈಪಿನ ಅಗಲ ಬೇರೆಯಾದರೆ 1.7ರ ಬದಲು ಒಳ ಅಗಲವನ್ನು 0.6ರಿಂದ ಗುಣಿಸಿ ಬಂದದ್ದನ್ನು ಹಾಕಿಕೊಳ್ಳಿ.

ಎಂಟನೇ ಕ್ಲಾಸು ದಾಟಿದ ಮಕ್ಕಳಿದ್ದರೆ ಇನ್ನೊಂದು ಹೆಜ್ಜೆ. 25 ಡಿಗ್ರಿ ಬಿಸಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 346 ಮೀಟರ್ ಓಡುತ್ತದೆ. ಅದನ್ನು 0.617 ಮೀಟರಿನ ಎರಡರಷ್ಟರಿಂದ ಭಾಗಿಸಿದರೆ 280. ಅಂದರೆ ನಮ್ಮ ಸ ಪೈಪಿನ ಗಾಳಿ ಸೆಕೆಂಡಿಗೆ 280 ಸಲ ನಡುಗುತ್ತದೆ. ಹಾರ್ಮೋನಿಯಂನಲ್ಲಿ ಕಪ್ಪು ಒಂದು ಅನ್ನುವ ಕೀಲಿಯ ಹತ್ತಿರ. ಫೋನಿನ ಟ್ಯೂನರ್ ಆ್ಯಪ್‌ನಲ್ಲಿ ಬಾರಿಸಿ ನೋಡಲಿ. ಚಿಕ್ಕಮಗಳೂರಿನ ಚಳಿಗಾಲದ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಬಾರಿಸಿದರೆ ಅಂಕಿ ಬೇರೆ ಬರುತ್ತದೆ. ಬಿಸಿ ಒಂದು ಡಿಗ್ರಿ ಏರಿದರೆ ಸದ್ದಿನ ವೇಗ ಸುಮಾರು 0.6 ಮೀಟರ್ ಏರುತ್ತದೆ.

ಪೈಪಿನ ಆ ಬದಿಯ ಬಾಯನ್ನು ಅಂಗೈಯಿಂದ ಮುಚ್ಚಿ ಬಾರಿಸಿದರೆ ಏನಾಗುತ್ತದೆ? ಅದನ್ನು ನಾನು ಇಲ್ಲಿ ಹೇಳುವುದಿಲ್ಲ. ಮಾಡಿ ನೋಡಿ.

ಚರ್ಮ, ರವೆ, ಹಿಟ್ಟು

ಮಲೆನಾಡಿನ ಮಕ್ಕಳಿಗೆ ಒಂದು ವಿಷಯ ಗೊತ್ತಿರುತ್ತದೆ. ಊರ ಹಬ್ಬದಲ್ಲಿ ತಮಟೆ ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಯಾಕೆ? ಮಳೆಗಾಲದ ತೇವಕ್ಕೆ ಚರ್ಮ ಸಡಿಲವಾಗುತ್ತದೆ, ಕಾದರೆ ಒಣಗಿ ಬಿಗಿಯುತ್ತದೆ, ಸ್ವರ ಏರುತ್ತದೆ. ನೀರಿನ ಬಾಟಲಿ ನೇತು ಹಾಕಿ ತಂತಿ ಬಿಗಿ ಮಾಡಿದ್ದಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳಿ. ಸಾಧ್ಯವಾದರೆ ತಮಟೆ ಬಾರಿಸುವವರನ್ನೇ ಕರೆದು, ಗೌರವದಿಂದ ಕೂರಿಸಿ, ಅವರ ಬಾಯಿಂದಲೇ ಹೇಳಿಸಿ. ಚರ್ಮದ ಬಗ್ಗೆ ಅವರಿಗೆ ಗೊತ್ತಿರುವಷ್ಟು ಪಠ್ಯಪುಸ್ತಕದಲ್ಲಿ ಇಲ್ಲ.

ಮನೆಯಲ್ಲಿ ಮಾಡಲು: ಒಂದು ತಗಡಿನ ಡಬ್ಬದ ಬಾಯಿಗೆ ದೊಡ್ಡ ಬಲೂನು ಕತ್ತರಿಸಿ ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕಿ. ಬೆರಳಿನಿಂದ ಬಾರಿಸಿ. ಈಗ ಚಪಾತಿ ಹಿಟ್ಟಿನ ಸಣ್ಣ ಉಂಡೆಯನ್ನು ನಡುವೆ ಅಂಟಿಸಿ ಬಾರಿಸಿ. ಸ್ವರ ಇಳಿಯುತ್ತದೆ. ಮೃದಂಗದ ಎಡಭಾಗಕ್ಕೆ ರವೆ ಹಚ್ಚುವುದು ಇದಕ್ಕೇ. ಬಲಭಾಗದ ಕಪ್ಪು ಲೇಪಕ್ಕೆ ಕರಣೆ ಅನ್ನುತ್ತಾರೆ, ಅದರ ಕೆಲಸ ಇನ್ನೂ ಸೂಕ್ಷ್ಮ. ಸುಮ್ನೆ ಬಿಗಿದ ಚರ್ಮದಿಂದ ಮುಖ್ಯ ಸ್ವರದ ಜೊತೆಗೇ ಹೊರಡುವ ಒಳಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಕರಣೆ ಹಾಕಿದಾಗ ಅವು ತಂತಿಯ ಒಳಸ್ವರಗಳ ಹಾಗೆ ಹೊಂದಿಕೊಳ್ಳುತ್ತವೆ. ಅದಕ್ಕೇ ಮೃದಂಗಕ್ಕೆ ಶ್ರುತಿ ಇದೆ. ಇದನ್ನು ಪ್ರಯೋಗ ಮಾಡಿ ತೋರಿಸಿದವರು ಸಿ. ವಿ. ರಾಮನ್. 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು, ನೊಬೆಲ್ ಬರುವುದಕ್ಕೆ ಹತ್ತು ವರ್ಷ ಮೊದಲು. ಬೆಳಕಿನ ರಾಮನ್ ಎಲ್ಲ ಮಕ್ಕಳಿಗೂ ಗೊತ್ತು. ಮೃದಂಗದ ಮುಂದೆ ಕೂತ ರಾಮನ್ ಕೂಡ ಗೊತ್ತಿರಲಿ.

ತಾಳ ಹಾಕುವ ಯಂತ್ರ

ಕರೆಂಟು ಬೇಡ, ಮೋಟಾರ್ ಬೇಡ. ಒಂದು ಲೀಟರಿನ ಖಾಲಿ ಬಣ್ಣದ ಡಬ್ಬ ತೆಗೆದುಕೊಂಡು ಎರಡೂ ಕಡೆ ನಡುವೆ ತೂತು ಮಾಡಿ ಹಳೆ ಕೊಡೆಯ ಕೋಲು ತೂರಿಸಿ. ಕೋಲಿಗೂ ಡಬ್ಬಕ್ಕೂ ಅಂಟು ಹಾಕಿ. ಎರಡು ಇಟ್ಟಿಗೆಯ ಮೇಲೆ ಕೋಲು ಕೂರಿಸಿದರೆ ಡಬ್ಬ ತಿರುಗುತ್ತದೆ. ಒಂದು ತುದಿಗೆ ಹಿಡಿ.

ಡಬ್ಬದ ಸುತ್ತಳತೆಗೆ ಸರಿಯಾಗಿ ಕಾಗದದ ಪಟ್ಟಿ ಕತ್ತರಿಸಿ ಮೂರು ಸಲ ಮಡಚಿ. ಎಂಟು ಸಮ ಭಾಗ ಸಿಕ್ಕಿತು. ಆದಿತಾಳಕ್ಕೆ ಎಂಟು ಅಕ್ಷರ, ಅಂದರೆ ಎಂಟು ಎಣಿಕೆ ತಾನೇ? ಪೆಟ್ಟು ಬೀಳುವುದು 1, 5, 7ಕ್ಕೆ. ಪಟ್ಟಿಯನ್ನು ಡಬ್ಬಕ್ಕೆ ಸುತ್ತಿ, ಆ ಮೂರು ಗೆರೆಯ ಮೇಲೆ ಐಸ್ ಕ್ಯಾಂಡಿ ಕಡ್ಡಿಯ ತುಂಡುಗಳನ್ನು ಎದ್ದು ನಿಲ್ಲುವ ಹಾಗೆ ಅಂಟಿಸಿ. ಪಕ್ಕದಲ್ಲಿ ಒಂದು ಮರದ ಸ್ಕೇಲನ್ನು ಏತದ ಹಾಗೆ ಮೊಳೆಗೆ ಸಿಕ್ಕಿಸಿ. ಡಬ್ಬ ತಿರುಗಿದಾಗ ಕಡ್ಡಿ ಸ್ಕೇಲಿನ ಒಂದು ತುದಿಯನ್ನು ಒತ್ತಬೇಕು, ಇನ್ನೊಂದು ತುದಿ ಎದ್ದು ಕರಟದ ಮೇಲೆ ಬೀಳಬೇಕು. ಬೀಳುವ ತುದಿಗೆ ಒಂದು ಬೋಲ್ಟು ಕಟ್ಟಿದರೆ ಪೆಟ್ಟು ಗಟ್ಟಿ.

ಮೊದಲ ಸಲ ಇದು ಸಿಕ್ಕಿಹಾಕಿಕೊಳ್ಳುತ್ತದೆ. ಕಡ್ಡಿ ಉದ್ದವಾಯಿತಾ, ಸ್ಕೇಲಿನ ಮೊಳೆ ದೂರವಾಯಿತಾ, ಡಬ್ಬ ಓರೆಯಾಗಿ ತಿರುಗುತ್ತಿದೆಯಾ? ನೀವು ಕೈ ಹಾಕಬೇಡಿ. ಕೂತು ನೋಡಿ.

ಓಡಲು ಶುರುವಾದ ಮೇಲೆ ತ್ರಿಪುಟ ತಾಳ ಬೇಕು ಅನ್ನಿ. ಏಳು ಅಕ್ಷರ, ಪೆಟ್ಟು 1, 4, 6ಕ್ಕೆ. ಏಳು ಭಾಗವನ್ನು ಮಡಚಿ ಮಾಡಲಾಗುವುದಿಲ್ಲ. ಗೆರೆ ಇರುವ ನೋಟ್ ಬುಕ್ ತೆಗೆದು, ಪಟ್ಟಿಯ ಒಂದು ತುದಿ ಒಂದು ಗೆರೆಯ ಮೇಲೂ ಇನ್ನೊಂದು ತುದಿ ಆ ಗೆರೆಯನ್ನು ಬಿಟ್ಟು ಎಣಿಸಿದರೆ ಏಳನೇ ಗೆರೆಯ ಮೇಲೂ ಬರುವಂತೆ ಓರೆಯಾಗಿ ಇಡಿ. ಪಟ್ಟಿ ಉದ್ದವಾಗಿ ಪುಟ ಸಾಲದೆ ಹೋದರೆ ಎರಡು ಪುಟ ಅಂಟಿಸಿ. ನಡುವೆ ಗೆರೆ ಹಾದ ಕಡೆಯಲ್ಲೆಲ್ಲ ಗುರುತು ಹಾಕಿದರೆ ಸಮ ಭಾಗ. ಬಡಗಿಗಳಿಗೆ ಈ ಉಪಾಯ ಗೊತ್ತು. ಪಟ್ಟಿ ಬದಲಾಯಿಸಿದರೆ ತಾಳ ಬದಲು, ಯಂತ್ರ ಅದೇ. ಕಂಪ್ಯೂಟರ್ ಪ್ರೋಗ್ರಾಂ ಅಂದರೆ ಏನು ಅಂತ ಮುಂದೆ ಯಾರಾದರೂ ಹೇಳಿಕೊಟ್ಟಾಗ ಈ ಮಕ್ಕಳಿಗೆ ಹೊಸದು ಅನ್ನಿಸುವುದಿಲ್ಲ.

ಹೊರಗೆ ಒಂದು ದಿನ

ನಮ್ಮ ಜಿಲ್ಲೆಯ ಮಕ್ಕಳ ಅದೃಷ್ಟ ದೊಡ್ಡದು. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದು. ಮಕ್ಕಳಿಗೆ ಇತಿಹಾಸ ಹೇಳುವುದನ್ನು ಆ ದಿನ ಸ್ವಲ್ಪ ಬದಿಗಿಡಿ. ಗೋಡೆಯಲ್ಲಿ, ಮದನಿಕೆಯರ ಕೈಯಲ್ಲಿ ಯಾವ ಯಾವ ವಾದ್ಯ ಇದೆ ಅಂತ ಹುಡುಕಲು ಬಿಡಿ. ಚರ್ಮ ಹೇಗೆ ಬಿಗಿದಿದ್ದಾರೆ? ಕೊಳಲಿನ ತೂತುಗಳ ಮೇಲೆ ಬೆರಳು ಎಲ್ಲಿದೆ? ಬಾರಿಸುವವರ ಕೈ ನಡುವಿಗೆ ಬೀಳುತ್ತಿದೆಯೋ ಅಂಚಿಗೋ? ನೋಡಿದ್ದನ್ನು ಚಿತ್ರ ಬರೆಯಲಿ. ಒಳಗಿನ ನವರಂಗದ ತಿರುಗಿಸಿ ಕಡೆದ ಕಂಬಗಳನ್ನೂ ತೋರಿಸಿ. ಅಷ್ಟು ದೊಡ್ಡ ಕಲ್ಲನ್ನು ತಿರುಗಿಸಿದ್ದು ಹೇಗೆ ಅಂತ ಕೇಳಿದರೆ ಬಸ್ಸಿನಲ್ಲಿ ವಾಪಸ್ ಬರುವವರೆಗೂ ಅದೇ ಮಾತು.

ಇನ್ನೊಂದು ದಿನ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣಕ್ಕೆ ಹೋಗಿ. ಕಾವೇರಿ ದಂಡೆಯ ಸಣ್ಣ ಊರು. ಆರ್. ಕೆ. ಶ್ರೀಕಂಠನ್, ಆರ್. ಕೆ. ಪದ್ಮನಾಭ, ಇನ್ನೂ ಎಷ್ಟೋ ಸಂಗೀತಗಾರರ ಊರು. ಅಲ್ಲಿನ ಸಪ್ತಸ್ವರ ದೇವತಾ ಧ್ಯಾನ ಮಂದಿರದ ಕಟ್ಟಡ ತಂಬೂರಿಯ ಆಕಾರದಲ್ಲೇ ಇದೆ. ಸುತ್ತ ನಡೆದು ನೋಡಿ ಬಂದ ಮಕ್ಕಳಿಗೆ "ನೀನು ಮನೆ ಕಟ್ಟುವುದಾದರೆ ಯಾವ ವಾದ್ಯದ ಆಕಾರದಲ್ಲಿ ಕಟ್ಟುತ್ತೀಯ, ಬಾಗಿಲು ಎಲ್ಲಿ ಇಡುತ್ತೀಯ?" ಅಂತ ಕೇಳಿ ಕಾಗದ ಕೊಡಿ.

ಕೊನೆಯ ದಿನಗಳು: ಅವರದೇ ವಾದ್ಯ

ಇಷ್ಟಾದ ಮೇಲೆ ಮಕ್ಕಳನ್ನು ಬಿಟ್ಟುಬಿಡಿ. ಆದರೆ "ಏನಾದರೂ ಮಾಡಿ" ಅಂದರೆ ಯಾರೂ ಏನೂ ಮಾಡುವುದಿಲ್ಲ. ಕಟ್ಟುಪಾಡು ಕೊಟ್ಟರೇ ಕಲ್ಪನೆ ಓಡುವುದು. ಇಬ್ಬಿಬ್ಬರ ಗುಂಪು. ಮೂರು ಬಗೆಯ ವಸ್ತು ಮಾತ್ರ, ಎಲ್ಲವೂ ಮನೆಯ ಸುತ್ತ ಸಿಗಬೇಕು, ಅಂಗಡಿಗೆ ಹೋಗುವಂತಿಲ್ಲ. ಹಾಗೇ ಒಂದು ಕೆಲಸವೂ ಕೊಡಿ. ಚಾರ್ಮಾಡಿ ಘಾಟಿಯಲ್ಲಿ ಮಳೆ ಶುರುವಾಗಿ ಜೋರಾಗುವುದನ್ನು ಕೇಳಿಸಬೇಕು. ಅಥವಾ ಮುಳ್ಳಯ್ಯನಗಿರಿಯ ಗಾಳಿ. ಅಥವಾ ಆನೆ ಬಂದು ತೋಟದ ಬೇಲಿ ಮುರಿದು ಹೋಗುವುದು. ಮೊದಲು ಚಿತ್ರ, ಅದರ ಪಕ್ಕದಲ್ಲಿ "ಇಲ್ಲಿ ನಡುಗುವುದು ಯಾವುದು" ಅಂತ ಬಾಣದ ಗುರುತು, ಆಮೇಲೆ ಕಟ್ಟುವುದು. ಕೆಟ್ಟರೆ ಚಿತ್ರ ತಿದ್ದಿ ಮತ್ತೆ ಕಟ್ಟುವುದು.

ದೊಡ್ಡವರಿಗೆ ಎರಡು ಮಾತು. ಮಗು ಕಟ್ಟಿದ್ದನ್ನು ಚಂದ ಮಾಡಲು ಹೋಗಬೇಡಿ. ಟೇಪು ಸುತ್ತಿ ಸುತ್ತಿ ದಪ್ಪವಾದ ವಾದ್ಯವೇ ಅವರದು. ಬಹುಮಾನ, ಮೊದಲನೆಯದು ಎರಡನೆಯದು ಕೂಡ ಬೇಡ. ಸ್ಪರ್ಧೆ ಅಂದ ತಕ್ಷಣ ಮಕ್ಕಳು ಗೊತ್ತಿರುವುದನ್ನೇ ಮಾಡುತ್ತಾರೆ.

ಪ್ರದರ್ಶನಕ್ಕೆ ಒಂದು ಸಂಜೆ ಇಟ್ಟುಕೊಂಡು ಮನೆಯವರನ್ನು ಕರೆಯಿರಿ. ಆರು ಪೈಪು ಆರು ಮಕ್ಕಳ ಕೈಯಲ್ಲಿ, ಒಬ್ಬರಿಗೆ ಒಂದೇ ಸ್ವರ. ತಾಳದ ಯಂತ್ರ ತಿರುಗಿಸಲು ಒಬ್ಬರು. ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ: ಸ ರಿ ಗ ಪ | ಗ ಪ | ದ ಸ. ಇಳಿಯುವಾಗ: ಸ ದ ಪ ಗ | ಪ ಗ | ರಿ ಸ. ತನ್ನ ಸರದಿ ಬರುವವರೆಗೂ ಮಗು ಉಳಿದವರನ್ನು ಕೇಳಲೇಬೇಕು, ಇಲ್ಲದಿದ್ದರೆ ಸಾಲು ಮುರಿಯುತ್ತದೆ. ಮೊದಲು ನಿಧಾನ ಕಾಲದಲ್ಲಿ ನಾಲ್ಕು ಸುತ್ತು, ಆಮೇಲೆ ಡಬ್ಬ ತಿರುಗಿಸುವವರು ವೇಗ ಹೆಚ್ಚಿಸಲಿ. ನಡುವೆ ಮಳೆ, ಗಾಳಿ, ಆನೆ ಒಂದೊಂದಾಗಿ ಬರಲಿ. ಎಲ್ಲ ಮುಗಿದ ಮೇಲೆ ನೋಟ್ ಬುಕ್‌ಗಳನ್ನು ಮೇಜಿನ ಮೇಲೆ ತೆರೆದಿಡಿ. ಅಪ್ಪ ಅಮ್ಮಂದಿರು ಎಡ ಪುಟವನ್ನೂ ಓದಲಿ. ಪೈಪುಗಳ ಮೇಲೆ ಸ್ವರ, ಉದ್ದ ಎರಡನ್ನೂ ಮಾರ್ಕರಿನಲ್ಲಿ ಬರೆದು ಶಾಲೆಗೋ ಗ್ರಂಥಾಲಯಕ್ಕೋ ಕೊಟ್ಟುಬಿಡಿ, ಮುಂದಿನ ಗುಂಪಿಗೆ ಬೇಕಾಗುತ್ತದೆ. ಉಳಿದ ಒಂದು ತುಂಡು ಪೈಪನ್ನು ಕತ್ತರಿಸದೆ ಹಾಗೇ ಇಡಿ. ನಿಷಾದ, ಅಂದರೆ ನಿ ಬೇಕು ಅಂತ ಯಾರಾದರೂ ಕೇಳುತ್ತಾರೆ.